ಅಂಕಪಟ್ಟಿಯ ಗಣಿತ, ಅಂಗಡಿಯ ಲೆಕ್ಕ

2025ರ ಸೆಪ್ಟೆಂಬರ್ 22ರಂದು ಸರಕು ಮತ್ತು ಸೇವಾ ತೆರಿಗೆಯ ಹಂತಗಳು ಬದಲಾದವು. ಶೇ. 12ರ ಹಂತದಲ್ಲಿದ್ದ ಅನೇಕ ದಿನಬಳಕೆಯ ಸರಕುಗಳು ಶೇ. 5ಕ್ಕೆ ಇಳಿದವು. ಚಿಕ್ಕಪೇಟೆಯಿಂದ ಚಾಮರಾಜಪೇಟೆಯವರೆಗೆ, ಗಾಂಧಿಬಜಾರಿನಿಂದ ಮಲ್ಲೇಶ್ವರದ ಸಂಪಿಗೆ ರಸ್ತೆಯವರೆಗೆ, ದಾಸ್ತಾನಿನಲ್ಲಿದ್ದ ಮಾಲಿನ ಬೆಲೆಯನ್ನು ಮರಳಿ ಕಟ್ಟಬೇಕಾಗಿ ಬಂದಿತು. ತೆರಿಗೆಯೂ ಸೇರಿ 112 ರೂಪಾಯಿ ಬೆಲೆಯ ಒಂದು ವಸ್ತುವನ್ನು ತೆಗೆದುಕೊಳ್ಳೋಣ. ತೆರಿಗೆ ಶೇ. 12ರಿಂದ ಶೇ. 5ಕ್ಕೆ ಇಳಿಯಿತು, ಅಂದರೆ ಶೇ. 7 ಕಡಿಮೆಯಾಯಿತು ಎಂದು ಗುಮಾಸ್ತನು 112ರಲ್ಲಿ ಶೇ. 7 ಕಳೆದು 104 ರೂಪಾಯಿ 16 ಪೈಸೆ ಎಂದು ಚೀಟಿ ಅಂಟಿಸಿದರೆ, ಆ ಲೆಕ್ಕ ತಪ್ಪು. ಮೂಲಬೆಲೆ 100 ರೂಪಾಯಿ. ಅದರ ಮೇಲೆ ಶೇ. 5 ಸೇರಿದರೆ 105 ರೂಪಾಯಿ. ಒಂದು ವಸ್ತುವಿಗೆ 84 ಪೈಸೆಯ ವ್ಯತ್ಯಾಸ ಗಣನೆಗೆ ಬಾರದು. ಐದು ಸಾವಿರ ವಸ್ತುಗಳಿದ್ದಲ್ಲಿ 4,200 ರೂಪಾಯಿ ವರ್ತಕನ ಲಾಭದಿಂದಲೇ ಹೋಗುತ್ತದೆ. ಹೋದದ್ದು ಯಾವ ಪುಸ್ತಕದಲ್ಲಿಯೂ ನಷ್ಟವೆಂದು ಕಾಣಿಸುವುದಿಲ್ಲ.

ಇಂತಹ ಲೆಕ್ಕ ಮಾಡುವ ಹುಡುಗ ಅಥವಾ ಹುಡುಗಿ ಸಾಮಾನ್ಯವಾಗಿ ಎಸ್‌ಎಸ್‌ಎಲ್‌ಸಿ ತೇರ್ಗಡೆಯಾದವರೇ ಆಗಿರುತ್ತಾರೆ. ಗಣಿತದಲ್ಲಿ ಅರವತ್ತು, ಎಪ್ಪತ್ತು ಅಂಕಗಳೂ ಇರಬಹುದು. ಆ ಅಂಕ ಸುಳ್ಳಲ್ಲ. ಆದರೆ ಅದು ಬೇರೆಯ ಪ್ರಶ್ನೆಗೆ ದೊರೆತ ಉತ್ತರ. ಕೆಲಸಕ್ಕೆ ಸೇರಿಸಿಕೊಳ್ಳುವವನು ಕೇಳುವ ಪ್ರಶ್ನೆಗೆ ಉತ್ತರಿಸುವ ಅರ್ಹತಾಪತ್ರ ರಾಜ್ಯದಲ್ಲಿ ಸದ್ಯಕ್ಕೆ ಇಲ್ಲ ಎಂಬುದೇ ಪ್ರಸ್ತುತ ಲೇಖನದ ವಿಷಯ.

ತೇರ್ಗಡೆಯ ಗೆರೆ ಎಲ್ಲಿದೆ?

ಮಲ್ಲೇಶ್ವರದ 6ನೇ ಅಡ್ಡರಸ್ತೆಯಲ್ಲಿರುವ ಪರೀಕ್ಷಾ ಮಂಡಲಿಯು 1966ರ ಕಾಯಿದೆಯಡಿ ಪ್ರೌಢ ಶಿಕ್ಷಣ ಪರೀಕ್ಷಾ ಮಂಡಲಿಯೆಂದು ಆರಂಭವಾಯಿತು. 2022ರಲ್ಲಿ ಅದು ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಲಿ ಎಂಬ ಹೆಸರನ್ನು ಪಡೆಯಿತು. ಹೆಸರಿನಲ್ಲಿ ‘ಮೌಲ್ಯನಿರ್ಣಯ’ ಎಂಬ ಪದ ಸೇರಿದ್ದು ಸ್ವಾಗತಾರ್ಹ. ಆದರೆ ಕಳೆದ ಕೆಲವು ವರ್ಷಗಳ ಚರ್ಚೆಯೆಲ್ಲವೂ ಮೌಲ್ಯದ ಸುತ್ತ ನಡೆಯದೆ ತೇರ್ಗಡೆಯ ಗೆರೆಯ ಸುತ್ತಲೇ ನಡೆದಿದೆ.

2021ರಲ್ಲಿ ಕೋವಿಡ್ ಕಾರಣದಿಂದ ಪರೀಕ್ಷೆಯನ್ನು ಜುಲೈ 19 ಮತ್ತು 22ರಂದು ಎರಡೇ ದಿನಗಳಲ್ಲಿ, ಬಹು ಆಯ್ಕೆಯ ಪ್ರಶ್ನೆಗಳ ಮೂಲಕ ನಡೆಸಲಾಯಿತು. ಗಣಿತ, ವಿಜ್ಞಾನ ಮತ್ತು ಸಮಾಜ ವಿಜ್ಞಾನಗಳನ್ನು ಒಂದೇ ಬೆಳಿಗ್ಗೆ ತಲಾ 40 ಅಂಕಗಳಿಗೆ ಬರೆಸಲಾಯಿತು. ಬಹುತೇಕ ಎಲ್ಲರೂ ತೇರ್ಗಡೆಯಾದರು. ಆ ಸನ್ನಿವೇಶದಲ್ಲಿ ಅದಕ್ಕಿಂತ ಹೆಚ್ಚಿನದನ್ನು ಯಾರೂ ಮಾಡಲಾಗುತ್ತಿರಲಿಲ್ಲ. 2023ರಲ್ಲಿ ಫಲಿತಾಂಶ ಶೇ. 83.89 ಇತ್ತು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮರಾ ಅಳವಡಿಸಿ ವೆಬ್‌ಕಾಸ್ಟಿಂಗ್ ನಡೆಸಲಾಯಿತು, ಫಲಿತಾಂಶ ಶೇ. 73.40ಕ್ಕೆ ಇಳಿಯಿತು. ಅದೂ ಆ ವರ್ಷದ ಮಟ್ಟಿಗೆ ಕೃಪಾಂಕಕ್ಕೆ ಬೇಕಾದ ಕನಿಷ್ಠ ಅರ್ಹತೆಯನ್ನು ಶೇ. 35ರಿಂದ 25ಕ್ಕೆ ತಗ್ಗಿಸಿ, ಕೃಪಾಂಕವನ್ನು ಶೇ. 10ರಿಂದ 20ಕ್ಕೆ ಏರಿಸಿದ ಮೇಲೆ ಬಂದ ಅಂಕಿ. 2025ರಲ್ಲಿ ಆ ಕೃಪಾಂಕ ಇರಲಿಲ್ಲ. ಮೊದಲ ಪರೀಕ್ಷೆಯ ಫಲಿತಾಂಶ ಶೇ. 62.34. ಅದೇ ವರ್ಷದ ಅಕ್ಟೋಬರ್‌ನಲ್ಲಿ ಸರ್ಕಾರವು 2025-26ರ ಸಾಲಿನಿಂದ ತೇರ್ಗಡೆಯ ಮಟ್ಟವನ್ನೇ ಬದಲಾಯಿಸಿತು: ಒಟ್ಟು 625ರಲ್ಲಿ 206 ಅಂಕ, ಅಂದರೆ ಶೇ. 33; ಪ್ರತಿ ವಿಷಯದಲ್ಲಿ ಆಂತರಿಕ ಮತ್ತು ಲಿಖಿತ ಎರಡೂ ಸೇರಿ ಶೇ. 30.

ಈ ಕೊನೆಯ ನಿಯಮವನ್ನು ಗಣಿತ ವಿಷಯಕ್ಕೆ ಅನ್ವಯಿಸಿ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಲಿಖಿತ ಪರೀಕ್ಷೆಗೆ 80, ಶಾಲೆಯೇ ನೀಡುವ ಆಂತರಿಕ ಮೌಲ್ಯಮಾಪನಕ್ಕೆ 20 ಅಂಕಗಳು. ಶಾಲೆಯು 20ಕ್ಕೆ 20 ನೀಡಿದ್ದಲ್ಲಿ ಗಣಿತದಲ್ಲಿ ಕನಿಷ್ಠ ಮಟ್ಟ ಮುಟ್ಟಲು 80ರಲ್ಲಿ 10 ಅಂಕ ಸಾಕು. ಪತ್ರಿಕೆಯಲ್ಲಿ ನಾಲ್ಕು ಆಯ್ಕೆಗಳುಳ್ಳ ಎಂಟು ಪ್ರಶ್ನೆಗಳಿರುತ್ತವೆ. ಅವುಗಳಿಗೆ ಕಣ್ಣು ಮುಚ್ಚಿ ಗುರುತು ಹಾಕಿದರೂ ಸರಾಸರಿ ಎರಡು ಅಂಕ ಬರುತ್ತದೆ. ಉಳಿದದ್ದು ಎಂಟು.

ಈ ಸಡಿಲಿಕೆಯನ್ನು ಬರಿಯ ಉದಾರತೆಯೆಂದು ಖಂಡಿಸುವುದು ನ್ಯಾಯವಲ್ಲ. ಗಣಿತವೊಂದರಲ್ಲಿ ಬಿದ್ದು, ಅದರಿಂದಾಗಿ ಐಟಿಐ, ಡಿಪ್ಲೊಮಾ, ಪಿಯು ಎಲ್ಲಕ್ಕೂ ಬಾಗಿಲು ಮುಚ್ಚಿಸಿಕೊಂಡ ಮಕ್ಕಳ ಸಂಖ್ಯೆ ಪ್ರತಿ ವರ್ಷವೂ ದೊಡ್ಡದು. ವೃತ್ತಾಂತರ್ಗತ ತ್ರಿಭುಜದ ಸಾಧನೆ ಬರೆಯಲಾಗದ ಒಬ್ಬನನ್ನು ಲೇತ್ ಯಂತ್ರದ ಮುಂದೆ ನಿಲ್ಲಲೂ ಅನರ್ಹನೆಂದು ತಳ್ಳುವುದು ಯಾವ ಕಾರ್ಖಾನೆಗೂ ಲಾಭದ ಮಾತಲ್ಲ. ಆದರೆ ಗೆರೆಯನ್ನು ಕೆಳಗಿಳಿಸಿದಾಗ ಅವನ ಕೈಗೆ ಸಿಗುವುದೇನು? ಬಾಗಿಲು ತೆರೆಯುವ ಕಾಗದ ಸಿಗುತ್ತದೆ, ಲೆಕ್ಕ ಸಿಗುವುದಿಲ್ಲ. ಕಠಿಣ ಪರೀಕ್ಷೆಯಲ್ಲಿ ಬಿದ್ದವನೂ ಸುಲಭ ಗೆರೆ ದಾಟಿದವನೂ ಅಂಗಡಿಯ ಮೆಟ್ಟಿಲು ಹತ್ತಿದಾಗ ಒಂದೇ ಸ್ಥಿತಿಯಲ್ಲಿರುತ್ತಾರೆ.

ಎಂಟನೆಯ ತರಗತಿಯ ನಂತರ

ಎನ್‌ಸಿಇಆರ್‌ಟಿ ಪಠ್ಯವನ್ನು ಆಧರಿಸಿದ ಹತ್ತನೆಯ ತರಗತಿಯ ಗಣಿತದಲ್ಲಿ ವಾಸ್ತವ ಸಂಖ್ಯೆಗಳು, ಬಹುಪದೋಕ್ತಿಗಳು, ರೇಖಾತ್ಮಕ ಮತ್ತು ವರ್ಗ ಸಮೀಕರಣಗಳು, ಸಮಾಂತರ ಶ್ರೇಢಿ, ತ್ರಿಭುಜಗಳು, ವೃತ್ತಗಳು, ನಿರ್ದೇಶಾಂಕ ರೇಖಾಗಣಿತ, ತ್ರಿಕೋನಮಿತಿ, ಘನಫಲ, ಸಂಖ್ಯಾಶಾಸ್ತ್ರ, ಸಂಭವನೀಯತೆ ಇವೆ. ಇವೆಲ್ಲವೂ ಬೇಕಾದ ವಿಷಯಗಳೇ. ಇಂಜಿನಿಯರಿಂಗ್ ಕಡೆಗೆ ಹೋಗುವವನಿಗೆ ಇವಿಲ್ಲದೆ ದಾರಿಯಿಲ್ಲ. ಆದರೆ ಶೇಕಡಾ, ಲಾಭ-ನಷ್ಟ, ರಿಯಾಯಿತಿ, ತೆರಿಗೆ, ಚಕ್ರಬಡ್ಡಿ ಇವುಗಳಿಗೆಂದು ಅಲ್ಲಿ ಒಂದು ಅಧ್ಯಾಯವೂ ಇಲ್ಲ. ಒಂಬತ್ತನೆಯ ತರಗತಿಯಲ್ಲಿಯೂ ಇಲ್ಲ. ಮಗು ಅವುಗಳನ್ನು ಕೊನೆಯ ಬಾರಿ ಪಾಠವಾಗಿ ಕಲಿಯುವುದು ಎಂಟನೆಯ ತರಗತಿಯಲ್ಲಿ, ಹದಿಮೂರು-ಹದಿನಾಲ್ಕನೆಯ ವಯಸ್ಸಿನಲ್ಲಿ. ಅಲ್ಲಿಂದ ಎರಡು ವರ್ಷಗಳ ಕಾಲ ಯಾರೂ ಕೇಳದ ವಿಷಯವನ್ನು ಅದು ಮರೆತರೆ ಆಶ್ಚರ್ಯವೇನು?

ಅದೇ ಬೀದಿಯ ಇನ್ನೊಂದು ಶಾಲೆಯಲ್ಲಿ ಐಸಿಎಸ್‌ಇ ಪಠ್ಯಕ್ರಮ ಓದುವ ಮಗುವಿನ ಹತ್ತನೆಯ ತರಗತಿಯ ಗಣಿತದಲ್ಲಿ ವಾಣಿಜ್ಯ ಗಣಿತವೆಂಬ ಭಾಗವೇ ಇದೆ. ಜಿಎಸ್‌ಟಿ, ಬ್ಯಾಂಕಿನ ಆವರ್ತ ಠೇವಣಿ, ಷೇರು ಮತ್ತು ಲಾಭಾಂಶ ಇವುಗಳನ್ನು ಅದು ಪರೀಕ್ಷೆಗಾಗಿಯೇ ಕಲಿಯುತ್ತದೆ. ಹೆಚ್ಚಿನ ಶುಲ್ಕ ತೆತ್ತು ಮುಂದೆ ಕಾಲೇಜಿಗೆ ಹೋಗುವ ಮಗುವಿಗೆ ಜಿಎಸ್‌ಟಿ ಲೆಕ್ಕ ಗೊತ್ತಿದೆ. ಹತ್ತನೆಯ ತರಗತಿ ಮುಗಿದ ಮರುದಿನವೇ ಬಿಲ್ಲಿನ ಮುಂದೆ ಕೂರಬೇಕಾದ ಮಗುವಿಗೆ ಗೊತ್ತಿಲ್ಲ. ಇದಕ್ಕಿಂತ ತಲೆಕೆಳಗಾದ ಏರ್ಪಾಡು ಇರಲಾರದು.

ಪಿಯು ವಾಣಿಜ್ಯ ವಿಭಾಗದಲ್ಲಿ ಮೂಲ ಗಣಿತವೆಂಬ ಐಚ್ಛಿಕ ವಿಷಯವೊಂದಿದೆ. ವಾರ್ಷಿಕ ಬಡ್ಡಿ, ಬಿಲ್ ಡಿಸ್ಕೌಂಟಿಂಗ್, ಷೇರು ವ್ಯವಹಾರಗಳಂತಹ ಪಾಠಗಳನ್ನು ಅದರಲ್ಲಿ ಸೇರಿಸಿದವರು ವ್ಯಾಪಾರವನ್ನು ಬಲ್ಲವರೇ ಇರಬೇಕು. ಆದರೆ ಅದನ್ನು ಆರಿಸಿಕೊಳ್ಳುವುದು ಪಿಯು ತಲುಪಿದ, ಅದರಲ್ಲಿಯೂ ವಾಣಿಜ್ಯ ವಿಭಾಗ ಸೇರಿದ ಒಂದು ವರ್ಗ ಮಾತ್ರ. ಐಟಿಐಗಳಲ್ಲಿ ವರ್ಕ್‌ಶಾಪ್ ಕ್ಯಾಲ್ಕುಲೇಷನ್ ಎಂಬ ವಿಷಯವಿದೆ. ಅದೂ ಐಟಿಐ ಸೇರಿದವರಿಗೆ ಮಾತ್ರ.

ಕನ್ನಡಕ್ಕೆ ಈ ಕೊರತೆ ಮೊದಲಿನಿಂದ ಇದ್ದುದಲ್ಲ. ಕ್ರಿ.ಶ. 9ನೇ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ರಚಿಸಿದ ‘ಗಣಿತಸಾರಸಂಗ್ರಹ’ದಲ್ಲಿ ಬಡ್ಡಿಯ ಲೆಕ್ಕಗಳಿಗೆ ವಿಸ್ತಾರವಾದ ಸ್ಥಾನವಿದೆ. 12ನೇ ಶತಮಾನದ ರಾಜಾದಿತ್ಯನು ಕನ್ನಡದಲ್ಲಿ ಬರೆದ ಗಣಿತ ಗ್ರಂಥದ ಹೆಸರೇ ‘ವ್ಯವಹಾರ ಗಣಿತ’. ಕನ್ನಡದಲ್ಲಿ ಗಣಿತ ಹುಟ್ಟಿದ್ದೇ ವ್ಯವಹಾರದ ಹೆಸರಿನಿಂದ ಎಂದರೆ ತಪ್ಪಾಗದು. ತೀರ ಇತ್ತೀಚಿನವರೆಗೂ ಪೇಟೆಯ ಹಿರಿಯರು ಕಾಲು, ಅರೆ, ಮುಕ್ಕಾಲು, ಒಂದೂವರೆ ಮಗ್ಗಿಗಳನ್ನು ಬಾಯಿಪಾಠವಾಗಿ ಬಲ್ಲವರಾಗಿದ್ದರು. ಆ ಮಗ್ಗಿಗಳನ್ನು ಮರಳಿ ತರಬೇಕೆಂಬುದು ಇಲ್ಲಿಯ ವಾದವಲ್ಲ. ಯಂತ್ರ ಬಂದ ಮೇಲೆ ಅವುಗಳ ಕೆಲಸ ಮುಗಿದಿದೆ. ಆದರೆ ಮಗ್ಗಿಯ ಜೊತೆಗೆ ಇನ್ನೊಂದೂ ಹೋಯಿತು: ಉತ್ತರ ಸರಿಸುಮಾರು ಎಷ್ಟಿರಬೇಕು ಎಂಬ ಅಂದಾಜು.

ಬೀದಿಯ ಲೆಕ್ಕ, ಶಾಲೆಯ ಲೆಕ್ಕ

ಶಾಲೆಯಲ್ಲಿ ಗಣಿತ ಚೆನ್ನಾಗಿ ಬಂದರೆ ವ್ಯವಹಾರದ ಲೆಕ್ಕ ತಾನಾಗಿ ಬರುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಇದನ್ನು ಪರೀಕ್ಷಿಸಿದ ಒಂದು ಅಧ್ಯಯನ 2025ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಅರ್ಥಶಾಸ್ತ್ರದಲ್ಲಿ ನೊಬೆಲ್ ಪ್ರಶಸ್ತಿ ಪಡೆದ ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೊ ಅವರೂ ಸೇರಿದ ತಂಡವು ಕೋಲ್ಕತ್ತ ಮತ್ತು ದೆಹಲಿಯ ಮಾರುಕಟ್ಟೆಗಳಲ್ಲಿ ಸರಕು ಮಾರುವ ಮಕ್ಕಳನ್ನು ಪರೀಕ್ಷಿಸಿತು. ಹಲವು ಸರಕುಗಳ ತೂಕ, ದರ, ಚಿಲ್ಲರೆ ಇವನ್ನು ಆ ಮಕ್ಕಳು ಕಾಗದವಿಲ್ಲದೆ ಸರಿಯಾಗಿ ಹೇಳಿದರು. ಅದೇ ಲೆಕ್ಕವನ್ನು ಶಾಲೆಯ ಧಾಟಿಯಲ್ಲಿ ಬರೆದುಕೊಟ್ಟಾಗ ತಡವರಿಸಿದರು. ವ್ಯಾಪಾರದ ಅನುಭವವಿಲ್ಲದ ಶಾಲಾ ಮಕ್ಕಳದು ಇದರ ವಿರುದ್ಧ ಸ್ಥಿತಿ. ಒಂದು ಕಡೆಯ ಕೌಶಲ ಇನ್ನೊಂದು ಕಡೆಗೆ ದಾಟುವುದಿಲ್ಲ. ಗಾಂಧಿಬಜಾರಿನ ಹೂವಿನ ಸಾಲಿನಲ್ಲಿ ಮೊಳದ ದರದಿಂದ ಮಾರಿನ ದರವನ್ನು ಕ್ಷಣದಲ್ಲಿ ಹೇಳುವ ಹೆಂಗಸಿನ ಬಳಿ ನಿಂತು ನೋಡಿದವರಿಗೆ ಇದರಲ್ಲಿ ಅರ್ಧ ಭಾಗ ಮೊದಲೇ ತಿಳಿದಿತ್ತು.

ಗ್ರಾಮೀಣ ಭಾಗದ 14ರಿಂದ 18 ವರ್ಷದವರ ಕುರಿತ 2023ರ ‘ಅಸರ್’ ವರದಿಯೂ ಇದೇ ದಿಕ್ಕಿನಲ್ಲಿದೆ. ಮೂರಂಕಿಯ ಸಂಖ್ಯೆಯನ್ನು ಒಂದಂಕಿಯಿಂದ ಭಾಗಿಸಬಲ್ಲವರು ಶೇ. 43.3. ಕಳೆಯುವ ಲೆಕ್ಕವನ್ನಾದರೂ ಬಲ್ಲವರಿಗೆ ದಿನಬಳಕೆಯ ಹಣದ ಲೆಕ್ಕ ಕೊಟ್ಟಾಗ, ರಿಯಾಯಿತಿ ಕಳೆದು ಬೆಲೆ ಹೇಳಿದವರು ಸುಮಾರು ಶೇ. 37, ಸಾಲದ ಮರುಪಾವತಿ ಮೊತ್ತವನ್ನು ಹೇಳಿದವರು ಸುಮಾರು ಶೇ. 10 ಮಾತ್ರ. ಅದು ನಗರದ ಅಂಕಿಯಲ್ಲ, ಇಡೀ ರಾಜ್ಯದ ಅಂಕಿಯೂ ಅಲ್ಲ. ಆದರೆ ಇವರಲ್ಲಿ ಅನೇಕರು ನಾಳೆ ಕಂತಿನಲ್ಲಿ ದ್ವಿಚಕ್ರ ವಾಹನ ಕೊಳ್ಳುವವರು, ಕೆಲವರು ನಾಳಿನ ಗುಮಾಸ್ತರು.

ಇತರ ಕಡೆ ಮಾಡಿದ್ದೇನು?

ಕೇಂದ್ರೀಯ ಮಂಡಳಿ ಸಿಬಿಎಸ್‌ಇ 2020ರ ಪರೀಕ್ಷೆಯಿಂದ ಹತ್ತನೆಯ ತರಗತಿಗೆ ‘ಸ್ಟ್ಯಾಂಡರ್ಡ್’ ಮತ್ತು ‘ಬೇಸಿಕ್’ ಎಂದು ಎರಡು ಗಣಿತ ಪತ್ರಿಕೆಗಳನ್ನು ಜಾರಿಗೆ ತಂದಿತು. ಮಕ್ಕಳ ಹೆದರಿಕೆ ಕಡಿಮೆಯಾಗಲು ಇದು ನೆರವಾಗಬಹುದು. ಆದರೆ ಪಠ್ಯ ಎರಡಕ್ಕೂ ಒಂದೇ. ಪ್ರಶ್ನೆಗಳು ಮಾತ್ರ ಸುಲಭ. ‘ಬೇಸಿಕ್’ ತೇರ್ಗಡೆಯಾದವನಿಗೂ ಬಿಲ್ಲು ಬರೆಯುವುದು ಬರುತ್ತದೆಂಬ ಖಾತರಿಯಿಲ್ಲ. ಅವನು ಸುಲಭವಾದ ತ್ರಿಕೋನಮಿತಿ ಮಾಡಬಲ್ಲನೆಂದು ಮಾತ್ರ ಅರ್ಥ.

ದಕ್ಷಿಣ ಆಫ್ರಿಕ ಬೇರೆಯ ದಾರಿ ಹಿಡಿಯಿತು. 2006ರಲ್ಲಿ ಹತ್ತನೆಯ ತರಗತಿಯಿಂದ ಪ್ರತಿಯೊಬ್ಬರೂ ಗಣಿತವನ್ನು ಅಥವಾ ‘ಗಣಿತ ಸಾಕ್ಷರತೆ’ ಎಂಬ ಪ್ರತ್ಯೇಕ ವಿಷಯವನ್ನು ಓದಲೇಬೇಕೆಂದು ನಿಯಮ ಮಾಡಿ, 2008ರಲ್ಲಿ ಅದರ ಮೊದಲ ಅಂತಿಮ ಪರೀಕ್ಷೆ ನಡೆಸಿತು. ಹಣಕಾಸು, ಅಳತೆ, ನಕ್ಷೆ, ಅಂಕಿಅಂಶ ಇವು ಅದರ ಪಾಠಗಳು. ವಿಷಯದ ಆಯ್ಕೆ ಶ್ಲಾಘನೀಯ. ಆದರೆ ‘ಅದು ಅಥವಾ ಇದು’ ಎಂಬ ಏರ್ಪಾಡಿನಿಂದ ಗಣಿತ ಸಾಕ್ಷರತೆಗೆ ಎರಡನೇ ದರ್ಜೆಯ ಹಣೆಪಟ್ಟಿ ಅಂಟಿಕೊಂಡಿತು. ವಿಜ್ಞಾನ, ವಾಣಿಜ್ಯದ ಅನೇಕ ಪದವಿಗಳ ಬಾಗಿಲು ಅದನ್ನು ಆರಿಸಿಕೊಂಡವರಿಗೆ ಮುಚ್ಚಿತು. ಇಂಗ್ಲೆಂಡಿನಲ್ಲಿ 2014ರಿಂದ, ಹದಿನಾರನೆಯ ವಯಸ್ಸಿನ ಗಣಿತ ಪರೀಕ್ಷೆಯಲ್ಲಿ ನಿಗದಿತ ದರ್ಜೆ ಪಡೆಯದವರು ಕಾಲೇಜಿನಲ್ಲಿಯೂ ಗಣಿತ ಓದುವುದನ್ನು ಮುಂದುವರಿಸಬೇಕು. ಮತ್ತೆ ಮತ್ತೆ ಪರೀಕ್ಷೆಗೆ ಕುಳಿತವರಲ್ಲಿ ಬಹುಪಾಲು ಜನ ಮತ್ತೆ ಅದೇ ಗೆರೆಯ ಕೆಳಗೇ ಉಳಿಯುತ್ತಿದ್ದಾರೆ. ಕರ್ನಾಟಕದಲ್ಲಿ 2023-24ರಿಂದ ವರ್ಷಕ್ಕೆ ಮೂರು ಪರೀಕ್ಷೆ ಬರೆಯುವ ಅವಕಾಶ ಬಂದಿರುವಾಗ ಈ ಕೊನೆಯ ಅನುಭವವನ್ನು ಗಮನದಲ್ಲಿಟ್ಟುಕೊಳ್ಳುವುದು ಒಳಿತು. ಅವಕಾಶ ಹೆಚ್ಚಿದರೆ ಅದೃಷ್ಟ ಹೆಚ್ಚಬಹುದು. ಕಲಿಕೆ ಹೆಚ್ಚಲು ಪಾಠ ಬೇಕು.

ಬೆರಳಚ್ಚು ಪರೀಕ್ಷೆಯಿಂದ ಕಲಿಯಬಹುದಾದದ್ದು

ಆದ್ದರಿಂದ ಎಸ್‌ಎಸ್‌ಎಲ್‌ಸಿ ಗಣಿತವನ್ನು ಕತ್ತರಿಸುವುದೂ ಬೇಡ, ಅದಕ್ಕೆ ಬದಲಿಯೂ ಬೇಡ. ಅದರ ಪಕ್ಕದಲ್ಲಿ ವ್ಯವಹಾರ ಗಣಿತದ ಪ್ರತ್ಯೇಕ ಅರ್ಹತಾಪತ್ರವೊಂದು ಬೇಕು. ಇದಕ್ಕೆ ಮಾದರಿ ಹುಡುಕಲು ಹೊರದೇಶಕ್ಕೆ ಹೋಗಬೇಕಾಗಿಲ್ಲ. ಮಲ್ಲೇಶ್ವರದ ಅದೇ ಮಂಡಲಿಯು ದಶಕಗಳ ಕಾಲ ಬೆರಳಚ್ಚು ಮತ್ತು ಶೀಘ್ರಲಿಪಿ ಪರೀಕ್ಷೆಗಳನ್ನು ನಡೆಸಿಕೊಂಡು ಬಂದಿದೆ. ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರಗಳಲ್ಲಿ ಮಹಡಿಯ ಮೇಲಿನ ಬೆರಳಚ್ಚು ಶಾಲೆಗಳ ಸದ್ದನ್ನು ಕೇಳದೆ ಬೆಳೆದವರು ಒಂದು ಕಾಲಕ್ಕೆ ವಿರಳ. ಜೂನಿಯರ್, ಸೀನಿಯರ್ ಎಂಬ ಆ ಪ್ರಮಾಣಪತ್ರಗಳನ್ನು ಕಚೇರಿಗಳು ನಂಬಿದವು. ಏಕೆಂದರೆ ಅಭ್ಯರ್ಥಿಯು ಬೆರಳಚ್ಚಿನ ಇತಿಹಾಸ ಬರೆಯುತ್ತಿರಲಿಲ್ಲ. ಯಂತ್ರದ ಮುಂದೆ ಕುಳಿತು ಟೈಪು ಮಾಡಿ ತೋರಿಸುತ್ತಿದ್ದ. ತಪ್ಪುಗಳನ್ನು ಎಣಿಸಲಾಗುತ್ತಿತ್ತು. ಎಸ್‌ಎಸ್‌ಎಲ್‌ಸಿಯಲ್ಲಿ ಬಿದ್ದವನು ಬೆರಳಚ್ಚಿನಲ್ಲಿ ಗೆದ್ದು ಹೊಟ್ಟೆಪಾಡು ಕಂಡುಕೊಂಡ ನಿದರ್ಶನಗಳು ಹಳೆಯ ಬೆಂಗಳೂರಿನಲ್ಲಿ ಬೇಕಾದಷ್ಟಿವೆ.

ವ್ಯವಹಾರ ಗಣಿತದ ಪರೀಕ್ಷೆಯೂ ಹಾಗೆಯೇ ಇರಬೇಕು. ಅಭ್ಯರ್ಥಿಯ ಮುಂದೆ ನಿಜವಾದ ಸರಕುಪಟ್ಟಿ, ವಿದ್ಯುತ್ ಬಿಲ್ಲು, ಬ್ಯಾಂಕಿನ ಲೆಕ್ಕಪತ್ರ, ಬಿಡಿಭಾಗದ ಅಳತೆಯ ನಕ್ಷೆ ಇಡಬೇಕು. ಒಂದು ಭಾಗಕ್ಕೆ ಕ್ಯಾಲ್ಕುಲೇಟರ್ ಕೊಡಬೇಕು. ಅಂದಾಜಿನ ಭಾಗಕ್ಕೆ ಕೊಡಬಾರದು. ಅಂಕಪಟ್ಟಿಯು ಒಟ್ಟು ಅಂಕವನ್ನಷ್ಟೇ ತೋರದೆ ಬೆಲೆ-ತೆರಿಗೆ, ಬಡ್ಡಿ-ಕಂತು, ಅಳತೆ-ಪ್ರಮಾಣ, ಅಂದಾಜು ಎಂದು ಬಿಡಿಬಿಡಿಯಾಗಿ ತೋರಬೇಕು. ಪೀಣ್ಯದ ತಯಾರಕನಿಗೆ ಬೇಕಾದದ್ದು ಮೂರನೆಯದು, ಅವೆನ್ಯೂ ರಸ್ತೆಯ ಸಗಟು ವರ್ತಕನಿಗೆ ಬೇಕಾದದ್ದು ಮೊದಲನೆಯದು.

ಇನ್ನು ತೇರ್ಗಡೆಯ ಮಟ್ಟ. ಇಲ್ಲಿ ಶೇ. 35, 33, 30 ಎಂಬ ಸಂಪ್ರದಾಯವನ್ನು ಪೂರ್ಣವಾಗಿ ಕೈಬಿಡಬೇಕಾಗುತ್ತದೆ. ನೂರು ಬಿಲ್ಲುಗಳಲ್ಲಿ ಮೂವತ್ತೈದನ್ನು ಸರಿಯಾಗಿ ಬರೆಯುವವನನ್ನು ಯಾವ ಅಂಗಡಿಯೂ ಒಂದು ದಿನ ಇಟ್ಟುಕೊಳ್ಳಲಾರದು. ಪ್ರಶ್ನೆಗಳು ಸರಳವಿರಲಿ, ಆದರೆ ಗೆರೆ ಶೇ. 80ರ ಸುಮಾರಿನಲ್ಲಿರಲಿ. ಕಠಿಣ ಪತ್ರಿಕೆಗೆ ಕೆಳಗಿನ ಗೆರೆ ಎಂಬುದು ಶೋಧಿಸಿ ಆರಿಸುವ ಪರೀಕ್ಷೆಯ ರೀತಿ. ಸರಳ ಪತ್ರಿಕೆಗೆ ಮೇಲಿನ ಗೆರೆ ಎಂಬುದು ಕೆಲಸಕ್ಕೆ ಅರ್ಹತೆ ಕೊಡುವ ಪರೀಕ್ಷೆಯ ರೀತಿ. ವಾಹನ ಚಾಲನೆಯ ಪರವಾನಗಿಗೆ ಶೇ. 33 ಸಾಕೆಂದು ಯಾರೂ ಹೇಳುವುದಿಲ್ಲ. ಬಿದ್ದವನು ಎರಡು ತಿಂಗಳು ಕಲಿತು ಮತ್ತೆ ಬರೆಯುವಂತೆ, ವರ್ಷದಲ್ಲಿ ಹಲವು ಬಾರಿ ಪರೀಕ್ಷೆ ನಡೆಯಬೇಕು. ಹಂತಗಳ ಅಂಕದ ವಿಷಯದಲ್ಲಿಯೂ ಒಂದು ಮಾತು. ಉತ್ತರ ತಪ್ಪಾದರೂ ವಿಧಾನಕ್ಕೆ ಅಂಕ ಕೊಡುವುದು ಕಲಿಸುವ ಶಾಲೆಯಲ್ಲಿ ಸರಿಯಾದ ಕ್ರಮ. ವ್ಯವಹಾರದ ಪರೀಕ್ಷೆಯಲ್ಲಿ ಅದಕ್ಕೆ ಸ್ಥಾನ ಕಡಿಮೆ. ಗ್ರಾಹಕನು ವಿಧಾನಕ್ಕೆ ಹಣ ಕೊಡುವುದಿಲ್ಲ.

ಮಾದರಿ ಪ್ರಶ್ನೆಗಳು

ವರ್ತಕ ಬಾಂಧವರು ತಮ್ಮಲ್ಲಿ ಕೆಲಸ ಕೇಳಿ ಬಂದವರಿಗೆ, ಸಾಧ್ಯವಾದರೆ ಈಗಾಗಲೇ ಕೆಲಸದಲ್ಲಿ ಇರುವವರಿಗೂ, ಈ ಆರು ಪ್ರಶ್ನೆಗಳನ್ನು ಕೊಟ್ಟು ನೋಡಬಹುದು.

1. ಶೇ. 18 ತೆರಿಗೆ ಸೇರಿ ಬೆಲೆ 1,180 ರೂ. ತೆರಿಗೆ ಬಿಟ್ಟು ಬೆಲೆ ಎಷ್ಟು?

2. ಶೇ. 20 ರಿಯಾಯಿತಿ ಕೊಟ್ಟು, ಉಳಿದ ಮೊತ್ತದ ಮೇಲೆ ಮತ್ತೆ ಶೇ. 10 ಬಿಟ್ಟರೆ ಒಟ್ಟು ಬಿಟ್ಟದ್ದು ಶೇಕಡಾ ಎಷ್ಟು?

3. ಕೊಂಡ ಬೆಲೆ 400 ರೂ. ಮಾರಾಟ ಬೆಲೆಯ ಮೇಲೆ ಶೇ. 20 ಲಾಭ ಬರಬೇಕಾದರೆ ಎಷ್ಟಕ್ಕೆ ಮಾರಬೇಕು?

4. ತಯಾರಾದದ್ದರಲ್ಲಿ ಶೇ. 10 ತಿರಸ್ಕೃತವಾಗುತ್ತದೆ. 900 ಒಳ್ಳೆಯ ಬಿಡಿಭಾಗಗಳು ಬೇಕಾದರೆ ಎಷ್ಟು ತಯಾರಿಸಬೇಕು?

5. ಒಂದು ಲಕ್ಷ ರೂ. ಸಾಲ, ಮೂರು ವರ್ಷ, ಮಾಸಿಕ ಕಂತು. ಒಬ್ಬರು ಪೂರ್ತಿ ಅಸಲಿನ ಮೇಲೆ ಪ್ರತಿ ವರ್ಷ ಶೇ. 12 ಎನ್ನುತ್ತಾರೆ. ಇನ್ನೊಬ್ಬರು ಇಳಿಯುವ ಬಾಕಿಯ ಮೇಲೆ ಶೇ. 16 ಎನ್ನುತ್ತಾರೆ. ಯಾವುದು ಅಗ್ಗ?

6. ಕಾಗದ, ಯಂತ್ರ ಎರಡೂ ಇಲ್ಲದೆ ಹೇಳಿ: ಒಂದಕ್ಕೆ 19 ರೂ. 75 ಪೈಸೆಯಂತೆ 48 ವಸ್ತುಗಳ ಬಿಲ್ಲು 9,480 ರೂ. ಎಂದು ಬಂದಿದೆ. ಇದು ಸರಿಯಿರಬಹುದೇ?

ಉತ್ತರಗಳಿಗಿಂತ ತಪ್ಪು ಉತ್ತರಗಳು ಹೆಚ್ಚು ಪಾಠ ಹೇಳುತ್ತವೆ. ಮೊದಲನೆಯದಕ್ಕೆ ಉತ್ತರ 1,000, 1,180ರಲ್ಲಿ ಶೇ. 18 ಕಳೆದವನು 967 ರೂ. 60 ಪೈಸೆ ಎನ್ನುತ್ತಾನೆ. ಎರಡನೆಯದಕ್ಕೆ 28, ತಪ್ಪು ಮಾಡಿದವನು 30 ಎನ್ನುತ್ತಾನೆ. ಮೂರನೆಯದಕ್ಕೆ 500, ತಪ್ಪಿದವನು 480. ನಾಲ್ಕನೆಯದಕ್ಕೆ 1,000, ತಪ್ಪಿದವನು 990 ಎಂದು ಹೇಳಿ ಒಂಬತ್ತು ಬಿಡಿಭಾಗ ಕಡಿಮೆ ಕಳುಹಿಸುತ್ತಾನೆ. ಈ ನಾಲ್ಕೂ ಬೇರೆ ಬೇರೆ ತಪ್ಪುಗಳಂತೆ ಕಂಡರೂ ತಪ್ಪು ಒಂದೇ: ಶೇಕಡಾ ಯಾವುದರ ಮೇಲೆ ಎಂದು ಕೇಳಿಕೊಳ್ಳದಿರುವುದು. ಗುಣಾಕಾರ, ಭಾಗಾಕಾರಗಳಲ್ಲಿ ಅವನು ಎಲ್ಲಿಯೂ ಎಡವಿಲ್ಲ. ಈ ಒಂದು ಅಂಶವನ್ನು ಒಂದು ವಾರ ಅಭ್ಯಾಸ ಮಾಡಿಸಿದರೆ ನಾಲ್ಕೂ ಒಟ್ಟಿಗೆ ಸರಿಯಾಗುತ್ತವೆ. ನೂರಕ್ಕೆ ಇಷ್ಟು ಎಂದಷ್ಟೇ ಹೇಳುವ ಅಂಕಪಟ್ಟಿಯಿಂದ ಈ ವಿಷಯ ಯಾರಿಗೂ ತಿಳಿಯುವುದಿಲ್ಲ.

ಐದನೆಯದರಲ್ಲಿ ಮೊದಲ ಸಾಲಕ್ಕೆ ಬಡ್ಡಿ 36,000 ರೂ., ಕಂತು ಸುಮಾರು 3,778 ರೂ. ಎರಡನೆಯದಕ್ಕೆ ಕಂತು ಸುಮಾರು 3,516 ರೂ. ಶೇ. 16 ಎಂದವನ ಸಾಲವೇ ಮೂರು ವರ್ಷದಲ್ಲಿ ಒಂಬತ್ತು ಸಾವಿರಕ್ಕೂ ಹೆಚ್ಚು ಅಗ್ಗ. ಶೇ. 12 ಎಂದು ಹೇಳಿದ ಸಾಲದ ನಿಜವಾದ ದರ, ಇಳಿಯುವ ಬಾಕಿಯ ಲೆಕ್ಕದಲ್ಲಿ, ಶೇ. 21ರ ಮೇಲಿದೆ. ಈ ಪ್ರಶ್ನೆಯನ್ನು ಗುಮಾಸ್ತನಿಗೆ ಕೊಡುವ ಮೊದಲು ಮಾಲೀಕರೂ ಒಮ್ಮೆ ಮಾಡಿ ನೋಡುವುದು ಒಳ್ಳೆಯದು. ಯಂತ್ರೋಪಕರಣದ ಸಾಲ ಪಡೆಯುವವರು ಅವರೇ. ಆರನೆಯದಕ್ಕೆ ಐವತ್ತು ಇಪ್ಪತ್ತಲ ಸಾವಿರ ಎಂದು ಮನಸ್ಸಿಗೆ ಬಂದರೆ ಸಾಕು. ಸರಿಯಾದ ಮೊತ್ತ 948, ಬಿಲ್ಲಿನಲ್ಲಿ ಹತ್ತು ಪಟ್ಟು ಬಂದಿದೆ.

ಆಕ್ಷೇಪಗಳು

ಲೆಕ್ಕವನ್ನೆಲ್ಲ ಟ್ಯಾಲಿಯಂತಹ ತಂತ್ರಾಂಶಗಳು ಮಾಡುವಾಗ ಇದೆಲ್ಲ ಏಕೆ ಎಂದು ಕೆಲವರು ಕೇಳುತ್ತಾರೆ. ತಂತ್ರಾಂಶ ಗುಣಿಸುವುದರಲ್ಲಿ ತಪ್ಪುವುದಿಲ್ಲ. ಆದರೆ ದರ ತೆರಿಗೆ ಸೇರಿದ್ದೋ ಬಿಟ್ಟದ್ದೋ ಎಂದು ಹೇಳಬೇಕಾದವನು ಮನುಷ್ಯನೇ. ತಪ್ಪು ತುಂಬಿಸಿದರೆ ತಪ್ಪನ್ನು ಪೈಸೆಯವರೆಗೆ ನಿಖರವಾಗಿ, ಸಾವಿರ ಬಿಲ್ಲುಗಳಲ್ಲಿ ಒಂದೇ ಸಲಕ್ಕೆ ಮುದ್ರಿಸಿಕೊಡುವುದು ತಂತ್ರಾಂಶದ ಶಕ್ತಿ.

ಶಿಕ್ಷಕರ ಆಕ್ಷೇಪ ಇದಕ್ಕಿಂತ ಗಂಭೀರವಾದದ್ದು. ಮತ್ತೊಂದು ಪರೀಕ್ಷೆಯೆಂದರೆ ಮತ್ತೊಂದು ಟ್ಯೂಷನ್, ಮತ್ತೊಂದು ಗೈಡ್ ಪುಸ್ತಕ. ಜೊತೆಗೆ ಬಡ ಮಕ್ಕಳನ್ನು ‘ನಿನಗೆ ಅಂಗಡಿ ಲೆಕ್ಕ ಸಾಕು’ ಎಂದು ಬದಿಗೆ ಸರಿಸುವ ಅಪಾಯ. ದಕ್ಷಿಣ ಆಫ್ರಿಕದ ಅನುಭವ ಈ ಭಯವನ್ನು ಸಮರ್ಥಿಸುತ್ತದೆ. ಆದುದರಿಂದಲೇ ಈ ಪತ್ರವು ಯಾವ ವಿಷಯಕ್ಕೂ ಬದಲಿಯಾಗಬಾರದು. ಎಂಟನೆಯ ತರಗತಿ ಮುಗಿಸಿದ ಯಾರೂ, ವಯಸ್ಸಿನ ಮಿತಿಯಿಲ್ಲದೆ, ಎಸ್‌ಎಸ್‌ಎಲ್‌ಸಿಯಲ್ಲಿ ಮೊದಲ ದರ್ಜೆ ಪಡೆದವರೂ ಸಹ, ಬರೆಯುವಂತಿರಬೇಕು. ರಾಜ್ಯ ಶಿಕ್ಷಣ ನೀತಿಯ ಕುರಿತು ಪ್ರೊ. ಸುಖದೇವ್ ಥೋರಟ್ ಆಯೋಗವು 2025ರ ಆಗಸ್ಟ್‌ನಲ್ಲಿ ವರದಿ ಸಲ್ಲಿಸಿದೆ. ಗಣಿತದ ಪರೀಕ್ಷೆಯ ಸ್ವರೂಪವನ್ನು ಚರ್ಚಿಸಲು ಇದಕ್ಕಿಂತ ಸೂಕ್ತವಾದ ಸಮಯ ಇರಲಾರದು.

ಕೊನೆಯದಾಗಿ ವರ್ತಕರ ಕಡೆಯ ಲೋಪವನ್ನೂ ಹೇಳಬೇಕು. ‘ಎಸ್‌ಎಸ್‌ಎಲ್‌ಸಿ ಪಾಸಾದವರು ಬೇಕಾಗಿದ್ದಾರೆ’ ಎಂದು ಬಾಗಿಲಿಗೆ ಫಲಕ ಹಾಕುವವರಲ್ಲಿ ಎಷ್ಟು ಜನ ಇತ್ತೀಚಿನ ಗಣಿತ ಪ್ರಶ್ನೆಪತ್ರಿಕೆಯನ್ನು ತೆರೆದು ನೋಡಿದ್ದಾರೆ? ಪಠ್ಯಕ್ರಮ ಸಮಿತಿಗಳಲ್ಲಿ ಇಂಜಿನಿಯರಿಂಗ್ ಕಾಲೇಜುಗಳ ಬೇಡಿಕೆ ಕೇಳಿಸುತ್ತದೆ. ಪೇಟೆಯ ಬೇಡಿಕೆ ಕೇಳಿಸದಿರುವುದಕ್ಕೆ ಪೇಟೆ ಮಾತಾಡದಿರುವುದೂ ಒಂದು ಕಾರಣ. ಮೈಸೂರು ವಾಣಿಜ್ಯ ಮಂಡಳಿಯೂ ಮೈಸೂರು ವಿಶ್ವವಿದ್ಯಾನಿಲಯವೂ 1916ರ ಒಂದೇ ವರ್ಷದಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಆರಂಭವಾದವು ಎಂಬುದನ್ನು ಇಂದಿನ ವ್ಯಾಪಾರೀ ಸಂಸ್ಥೆಗಳು ನೆನಪಿಸಿಕೊಳ್ಳಬಹುದು.

ಮೊದಲ ಹೆಜ್ಜೆ ದೊಡ್ಡದಾಗಬೇಕಿಲ್ಲ. ಒಂದು ಬಡಾವಣೆಯ ಇಪ್ಪತ್ತು, ಮೂವತ್ತು ಅಂಗಡಿ ಮತ್ತು ಕಾರ್ಖಾನೆಗಳವರು ತಮ್ಮ ತಮ್ಮ ಹಳೆಯ ಬಿಲ್ಲು, ಸರಕುಪಟ್ಟಿ, ಅಳತೆಯ ನಕ್ಷೆಗಳಿಂದ ಗ್ರಾಹಕರ ಹೆಸರುಗಳನ್ನು ಅಳಿಸಿ ಒಟ್ಟುಗೂಡಿಸಿದರೆ, ಅವುಗಳಿಂದಲೇ ನೂರು ಪ್ರಶ್ನೆಗಳ ಒಂದು ಪುಸ್ತಿಕೆ ಸಿದ್ಧವಾಗುತ್ತದೆ. ಹತ್ತಿರದ ಪ್ರೌಢಶಾಲೆಯ ಗಣಿತ ಶಿಕ್ಷಕರೊಬ್ಬರು ಅದನ್ನು ತಿದ್ದಿ ಕೊಡಬಲ್ಲರು. ಹತ್ತನೆಯ ತರಗತಿಯ ಪರೀಕ್ಷೆ ಮುಗಿದು ಫಲಿತಾಂಶ ಬರುವವರೆಗಿನ ಬಿಡುವಿನ ವಾರಗಳಲ್ಲಿ, ಒಪ್ಪಿದ ಒಂದೆರಡು ಶಾಲೆಗಳಲ್ಲಿ, ಬಯಸಿದ ಮಕ್ಕಳಿಗೆ ಅದನ್ನು ಕಲಿಸಿ ಪರೀಕ್ಷಿಸಬಹುದು. ಅದರಲ್ಲಿ ಶೇ. 80 ದಾಟಿದವರಿಗೆ ತಮ್ಮಲ್ಲಿ ಕೆಲಸ ಕೊಡುವಾಗ ಆದ್ಯತೆ ನೀಡುವುದಾಗಿ ಆ ಮೂವತ್ತು ಅಂಗಡಿಗಳವರು ಮೊದಲೇ ಬರೆದುಕೊಡಬೇಕು. ಮಂಡಲಿಯ ಮುಂದೆ ಮನವಿಯೊಂದಿಗೆ ಇಡಲು ಆಗ ಒಂದು ಪತ್ರಿಕೆ, ಒಂದು ವರ್ಷದ ಉತ್ತರಗಳು ಮತ್ತು ಕೆಲಸ ಪಡೆದವರ ಒಂದು ಪಟ್ಟಿ ಕೈಯಲ್ಲಿರುತ್ತವೆ.